ಅಪ್‌ಡೇಟ್ ಆದಮೇಲೆ ಕನ್ನಡ ಫೈಲ್ ಕೆಟ್ಟುಹೋಯಿತೇ? ಸೇವ್ ಒತ್ತುವ ಮೊದಲು ಇದನ್ನು ಓದಿ

ಹೊಸ ಅಪ್‌ಡೇಟ್ ಹಾಕಿದರೆ ಕನ್ನಡ ಫೈಲುಗಳೆಲ್ಲ ಹಾಳಾಗುತ್ತವೆ, ಅದು ವೈರಸ್, ಯಾರೂ ಅಪ್‌ಡೇಟ್ ಮಾಡಬೇಡಿ ಎನ್ನುವ ಧಾಟಿಯ ಮೆಸೇಜುಗಳು ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಅವನ್ನು ನಂಬುವುದಕ್ಕೆ ಕಾರಣವೂ ಇದೆ. ನಿನ್ನೆ ಸಂಜೆ ಸರಿಯಾಗಿದ್ದ ಅರ್ಜಿ, ಬಾಂಡ್ ಅಥವಾ ಶಾಲೆಯ ಹೆಸರಿನ ಪಟ್ಟಿ ಇವತ್ತು ಬೆಳಿಗ್ಗೆ ತೆರೆದರೆ ಒಂದಕ್ಷರವೂ ಕನ್ನಡವಾಗಿ ಕಾಣುವುದಿಲ್ಲ. ರಾತ್ರಿ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಆಗಿರುತ್ತದೆ. ತಪ್ಪು ಅದರದ್ದೇ ಅನ್ನಿಸುವುದು ಸಹಜ.

ನಿಜ ಏನೆಂದರೆ, ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಫೈಲ್ ಹಾಳಾಗಿರುವುದಿಲ್ಲ. ಒಳಗಿನ ಬರಹ ಹಾಗೇ ಇರುತ್ತದೆ, ಅದನ್ನು ತೋರಿಸುವ ವ್ಯವಸ್ಥೆ ಮಾತ್ರ ಬದಲಾಗಿರುತ್ತದೆ. ಒಂದೇ ಒಂದು ಬಗೆಯಲ್ಲಿ ಬರಹ ನಿಜವಾಗಿಯೂ ಅಳಿಸಿಹೋಗುತ್ತದೆ. ಅದನ್ನು ಅಳಿಸುವುದು ಸಾಮಾನ್ಯವಾಗಿ ಅಪ್‌ಡೇಟ್ ಅಲ್ಲ, ಗಾಬರಿಯಲ್ಲಿ ನಾವೇ ಒತ್ತುವ ಸೇವ್ ಬಟನ್. ಆದ್ದರಿಂದ ಅಕ್ಷರ ವಿಚಿತ್ರವಾಗಿ ಕಂಡರೆ ಮೊದಲ ಕೆಲಸ ಇಷ್ಟೇ: ಏನನ್ನೂ ಸೇವ್ ಮಾಡದೆ ಫೈಲ್ ಮುಚ್ಚಿ, ಅದರ ಒಂದು ಕಾಪಿಯನ್ನು ಬೇರೆ ಕಡೆ ಇಡಿ. ಮುಂದಿನ ಪ್ರಯೋಗಗಳೆಲ್ಲ ಆ ಕಾಪಿಯ ಮೇಲೆ ನಡೆಯಲಿ.

ಒಂದೇ ಊರಿನ ಹೆಸರು, ನಾಲ್ಕು ಅವತಾರ

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಎನ್ನುವ ಪಟ್ಟಿ ಒಂದು, ಆ ಅಕ್ಷರದ ಚಿತ್ರ ಬಿಡಿಸುವ ಫಾಂಟ್ ಇನ್ನೊಂದು. ಇವೆರಡರಲ್ಲಿ ಯಾವುದು ತಪ್ಪಿದೆ ಎಂಬುದು ಪರದೆಯ ಮೇಲೆ ಕಾಣುವ ಕಸದಿಂದಲೇ ಗೊತ್ತಾಗುತ್ತದೆ.

ಕಲಬುರಗಿಯಿಂದ ಕಮಲಾಪುರದ ಕಡೆ ಹೋಗುವಾಗ ಸಿಗುವ ಮಹಾಗಾಂವದ ಹೆಸರನ್ನೇ ತೆಗೆದುಕೊಳ್ಳೋಣ. ಈಗ ಜಗತ್ತೆಲ್ಲ ಬಳಸುವ ಯೂನಿಕೋಡ್ ಪಟ್ಟಿಯಲ್ಲಿ ಈ ಹೆಸರಿಗೆ ಏಳು ಸಂಖ್ಯೆಗಳು: ಮ, ಹ, ದೀರ್ಘದ ಗುರುತು, ಗ, ಮತ್ತೆ ದೀರ್ಘದ ಗುರುತು, ಸೊನ್ನೆ, ವ. ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಏಳು ಖಾಲಿ ಚೌಕಗಳು ಕಾಣುತ್ತವೆ. ಪಟ್ಟಿಯನ್ನು ತಪ್ಪಾಗಿ ಓದಿದರೆ ಇಪ್ಪತ್ತೊಂದು ವಿಚಿತ್ರ ಚಿಹ್ನೆಗಳು. ಅದೇ ಹೆಸರನ್ನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಆ ಫಾಂಟ್ ಕಳೆದುಹೋಗಿದ್ದರೆ ಹತ್ತು ಚಿಹ್ನೆಗಳು. ಬರಹ ನಿಜವಾಗಿಯೂ ಅಳಿಸಿದ್ದರೆ ಏಳು ಪ್ರಶ್ನಾರ್ಥಕ ಚಿಹ್ನೆಗಳು. ಮೊದಲ ಮೂರಕ್ಕೆ ಔಷಧವಿದೆ, ನಾಲ್ಕನೆಯದಕ್ಕೆ ಇಲ್ಲ.

ಪೌಂಡ್ ಗುರುತು ಕಂಡರೆ ಅದು ನುಡಿ ಫೈಲ್

ನಮ್ಮ ಕಡೆ ಅತಿ ಹೆಚ್ಚು ಗೋಳು ಕೊಡುವುದು ಇದೇ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ವಿಂಡೋಸ್‌ನಲ್ಲಿ ಕನ್ನಡಕ್ಕೆ ಸ್ವಂತ ವ್ಯವಸ್ಥೆ ಬಂದದ್ದು 2001ರ ಎಕ್ಸ್‌ಪಿಯಿಂದ, ತುಂಗಾ ಎಂಬ ಫಾಂಟ್ ಜೊತೆಗೆ. ಅದಕ್ಕೂ ಮೊದಲು ಕನ್ನಡ ಬೇಕೆಂದವರು ಒಂದು ಉಪಾಯ ಮಾಡಿದ್ದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಬಳಸಿಕೊಂಡು, ಅವುಗಳ ಚಿತ್ರದ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಬಿಡಿಸಿದ ಫಾಂಟ್ ಮಾಡಿದರು. ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ಮುಖವಾಡ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಎರಡೂ ಈ ದಾರಿಯಲ್ಲಿ ಬೆಳೆದವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ನುಡಿ ಸರ್ಕಾರಿ ಕಚೇರಿಗಳಿಗೆ ಬಂತು, ಅಲ್ಲಿಂದ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಗಳಿಗೂ ಬಂತು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಇವತ್ತಿಗೂ ಲಕ್ಷಾಂತರ ಪುಟ ಆ ರೂಪದಲ್ಲೇ ಉಳಿದಿದೆ ಎಂಬುದು ಈಗಿನ ತಲೆನೋವು.

ಮುಖವಾಡ ಕಳಚಿದರೆ ಏನು ಕಾಣುತ್ತದೆ? ‘ಕನ್ನಡ’ ಎಂದು ಬರೆದ ಕಡೆ ದೊಡ್ಡ ಪಿ, ತಲೆಯ ಮೇಲೆ ಓರೆ ಗೆರೆಯಿರುವ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಎ. ಆ ಓರೆ ಗೆರೆಯ ಎ ಎಂದರೆ ನಮ್ಮ ತಲೆಕಟ್ಟು, ಪೌಂಡ್ ಗುರುತು ಎಂದರೆ ನ. ಕನ್ನಡದಲ್ಲಿ ನ ಇಲ್ಲದ ವಾಕ್ಯ ಸಿಗುವುದೇ ಅಪರೂಪವಾದ್ದರಿಂದ, ಪುಟದ ತುಂಬ ಪೌಂಡ್ ಗುರುತು ಚೆಲ್ಲಿದ್ದರೆ ಅದು ನುಡಿ ಅಥವಾ ಬರಹದ ಹಳೆಯ ಫೈಲ್ ಎಂದು ಧೈರ್ಯವಾಗಿ ಹೇಳಬಹುದು. ಇನ್ನೊಂದು ಪರೀಕ್ಷೆ: ವರ್ಡ್‌ನಲ್ಲಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾಂಟ್ ಪಟ್ಟಿ ನೋಡಿ. ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ವರ್ಡ್ ಅದರ ಹೆಸರನ್ನು ನೆನಪಿಟ್ಟಿರುತ್ತದೆ. ನುಡಿ ಎಂದೋ ಬಿಆರ್‌ಎಚ್ ಎಂದೋ ಶುರುವಾಗುವ ಹೆಸರು ಕಂಡರೆ ಗುಟ್ಟು ರಟ್ಟಾಯಿತು.

ಅಪ್‌ಡೇಟ್ ಇಲ್ಲಿ ಏನು ಮಾಡಿರಬಹುದು? ಹೊಸ ವಿಂಡೋಸ್ ಹಾಕುವಾಗ ಹಳೆಯದನ್ನು ಅಳಿಸಿದ್ದರೆ ನಾವು ಸೇರಿಸಿದ್ದ ಫಾಂಟ್‌ಗಳೂ ಹೋಗಿರುತ್ತವೆ. ನುಡಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ, ಅಥವಾ ಫಾಂಟ್ ಫೈಲ್‌ಗಳನ್ನು ಹಾಕಿದರೆ, ಬರಹ ಮೊದಲಿನಂತೆ ಕಾಣುತ್ತದೆ. ಫಾಂಟ್ ಹಾಕಿದರೂ ಕೆಲವು ಹಳೆಯ ಪ್ರೋಗ್ರಾಂಗಳಲ್ಲಿ ಅದು ಕಾಣದಿರುವುದುಂಟು. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟರೆ ಅದು ಆ ಒಬ್ಬ ಬಳಕೆದಾರರ ಖಾತೆಗಷ್ಟೇ ಸೇರುತ್ತದೆ. ಅದರ ಪಕ್ಕದ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಫಾಂಟ್ ಇದ್ದೂ ತಪ್ಪಾಗುವುದು ವರ್ಡ್‌ನ ಅತಿ ಬುದ್ಧಿವಂತಿಕೆಯಿಂದ. ಹೊಸ ಆಫೀಸ್ ಹಾಕಿದಾಗ ಅದರ ಆಟೋಕರೆಕ್ಟ್ ಮತ್ತೆ ಚಾಲೂ ಆಗಿರುತ್ತದೆ. ವಾಕ್ಯದ ಮೊದಲ ಅಕ್ಷರ ದೊಡ್ಡದಾಗಿರಬೇಕು ಎಂಬುದು ಇಂಗ್ಲಿಷಿನ ನಿಯಮ ತಾನೆ? ವರ್ಡ್ ಅದನ್ನು ಇಲ್ಲಿಯೂ ಹಚ್ಚುತ್ತದೆ. ನುಡಿಯಲ್ಲಿ ಸಣ್ಣ ಜಿ ಎಂದರೆ ರ, ದೊಡ್ಡ ಜಿ ಎಂದರೆ ಉ. ನೀವು ‘ರಾಜ್ಯ’ ಎಂದು ವಾಕ್ಯ ಶುರು ಮಾಡಿ ಸ್ಪೇಸ್ ಒತ್ತಿದ ಕೂಡಲೇ ರ ಇದ್ದ ಜಾಗದಲ್ಲಿ ಉ ಬಂದು ಕೂರುತ್ತದೆ. ಎಷ್ಟು ಸಲ ತಿದ್ದಿದರೂ ಅದೇ ಕಥೆ. ಕೀಬೋರ್ಡ್ ಕೆಟ್ಟಿದೆ ಎಂದು ಹೊಸದನ್ನು ಕೊಳ್ಳಬೇಡಿ. ಫೈಲ್, ಆಪ್ಶನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಶನ್ಸ್ ಎಂದು ಹೋಗಿ, ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಟಿಕ್ ಗುರುತನ್ನು ತೆಗೆದರೆ ಸಾಕು.

ಹುಡುಕುವಾಗಲೂ ಇದೇ ಗೊಂದಲ. ನುಡಿಯಲ್ಲಿ ಮ ಎಂದರೆ ವ ಅಕ್ಷರದ ತುಂಡುಗಳಿಗೆ ಇನ್ನೊಂದು ಕೊಂಬು ಸೇರಿಸಿದ್ದು. ಕೈಬರಹದಲ್ಲಿ ನಾವು ಬರೆಯುವುದೂ ಹಾಗೆಯೇ, ಆದರೆ ಕಂಪ್ಯೂಟರ್‌ಗೆ ಆ ವ್ಯತ್ಯಾಸ ತಿಳಿಯದು. ಮಹಾಗಾಂವ ಎಂಬ ಪದದಲ್ಲಿ ವ ಹುಡುಕಿದರೆ ಮೊದಲ ಮ ಕೂಡ ಸಿಗುತ್ತದೆ. ಎಲ್ಲ ವ ಬದಲಿಸಲು ಹೋದವರ ಮ ಕೂಡ ಹೋಗಿರುತ್ತದೆ.

ಇನ್ನು ಮೊಬೈಲಿನ ವಿಷಯ. ಕಚೇರಿಯ ಕಂಪ್ಯೂಟರಿನಿಂದ ನುಡಿ ಬರಹವನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ನಿಮಗೆ ತಲುಪುವುದು ಮುಖವಾಡ ಕಳಚಿದ ಇಂಗ್ಲಿಷ್ ಕಸ. ನಿಮ್ಮ ಫೋನಿನಲ್ಲಿ ಯಾವ ದೋಷವೂ ಇಲ್ಲ. ಕನ್ನಡ ಆ್ಯಪ್ ಹಾಕಿಕೊಂಡರೆ ಸರಿಹೋಗುತ್ತದೆ ಎಂದು ಬರುವ ಎಪಿಕೆ ಫೈಲ್‌ಗಳನ್ನು ಮುಟ್ಟಲೇಬೇಡಿ. ಕಳಿಸಿದವರಿಗೆ ಹೇಳಿ ಪಿಡಿಎಫ್ ತರಿಸಿಕೊಳ್ಳಿ. ಪಿಡಿಎಫ್‌ನೊಳಗೆ ಸಾಮಾನ್ಯವಾಗಿ ಫಾಂಟ್ ಕೂಡ ಸೇರಿರುತ್ತದೆ, ಹಾಗಾಗಿ ಓದಲು ತೊಂದರೆಯಿಲ್ಲ. ಅದರಿಂದ ಕಾಪಿ ಮಾಡಲು ಹೋದರೆ ಮತ್ತೆ ಅದೇ ಕಸ ಬರುತ್ತದೆ.

ಶಾಶ್ವತ ಪರಿಹಾರ ಎಂದರೆ ಯೂನಿಕೋಡ್‌ಗೆ ಬದಲಿಸುವುದು. ನುಡಿ, ಬರಹಗಳ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಟೈಪಿಂಗೂ ಇದೆ, ಹಳೆಯದನ್ನು ಬದಲಿಸುವ ಸೌಲಭ್ಯವೂ ಇದೆ. ಅರವಿಂದ ವಿ.ಕೆ. ಅವರು ಮುಕ್ತ ತಂತ್ರಾಂಶವಾಗಿ ಬರೆದ ಪರಿವರ್ತಕವೂ ಸಿಗುತ್ತದೆ. ಬದಲಿಸಿದ ಮೇಲೆ ಒಮ್ಮೆ ಕೂತು ತಾಳೆ ನೋಡುವುದು ಕಡ್ಡಾಯ. ನುಡಿ ಫೈಲಿನ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡದ ಸಂಖ್ಯೆ ಎಂದೇ ಓದಿ ಅರ್ಥವಿಲ್ಲದ ಕನ್ನಡ ಮಾಡಿಬಿಡಬಹುದು. ಸರ್ವೆ ನಂಬರ್, ಇಸವಿ, ಹಣದ ಮೊತ್ತಗಳನ್ನು ಒಂದೊಂದಾಗಿ ನೋಡಿ. ಆಧಾರ್ ಸಂಖ್ಯೆ, ಜಮೀನಿನ ವಿವರ ಇರುವ ಕಾಗದವನ್ನು ಗೊತ್ತಿಲ್ಲದ ವೆಬ್‌ಸೈಟಿನಲ್ಲಿ ಪೇಸ್ಟ್ ಮಾಡುವ ಬದಲು ಕಂಪ್ಯೂಟರಿನಲ್ಲೇ ಇರುವ ಪರಿವರ್ತಕ ಬಳಸುವುದು ಕ್ಷೇಮ.

ಅಂದಹಾಗೆ ಇದು ಕನ್ನಡದ್ದಷ್ಟೇ ಪಾಡಲ್ಲ. ಹಿಂದಿಯ ಕೃತಿದೇವ್ ಮತ್ತು ಉರ್ದುವಿನ ಹಳೆಯ ಇನ್‌ಪೇಜ್‌ನಲ್ಲಿ ಕೆಲಸ ಮಾಡುವವರಿಗೂ ಇಂಥದೇ ಅನುಭವ. ಕಲಬುರಗಿಯಲ್ಲಿ ಮೂರೂ ಭಾಷೆಯ ಕೆಲಸ ಒಂದೇ ಅಂಗಡಿಯಲ್ಲಿ ನಡೆಯುವುದರಿಂದ ಕಂಪ್ಯೂಟರ್ ಬದಲಿಸಿದ ದಿನ ಮೂರೂ ಕೈಕೊಡಬಹುದು.

ಪುಟ್ಟ 2 ಮತ್ತೆ ಮತ್ತೆ ಕಂಡರೆ

ಎರಡನೆಯ ಕಸ ನೋಡಲು ಬೇರೆ ಥರ. ತಲೆಯ ಮೇಲೆ ಓರೆ ಗೆರೆಯಿರುವ ಸಣ್ಣ ಎ, ಅದರ ಪಕ್ಕ ಮೇಲಕ್ಕೇರಿ ಕೂತ ಪುಟ್ಟ 2 ಅಥವಾ 3, ಆಮೇಲೆ ಏನೋ ಒಂದು ಚಿಹ್ನೆ, ಇದೇ ಮೂರರ ಗುಂಪು ಸಾಲುದ್ದಕ್ಕೂ. ಇದು ಅಸಲಿ ಯೂನಿಕೋಡ್ ಫೈಲ್, ಓದುವ ಪ್ರೋಗ್ರಾಂ ಮಾತ್ರ ಅದನ್ನು ಹಳೆಯ ಇಂಗ್ಲಿಷ್ ಪಟ್ಟಿಯ ಪ್ರಕಾರ ಓದುತ್ತಿದೆ.

ಯೂನಿಕೋಡನ್ನು ಫೈಲಿನಲ್ಲಿ ಇಡುವ ಸಾಮಾನ್ಯ ಕ್ರಮದ ಹೆಸರು ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಗುರುತಿಗೆ ಮೂರು ಬೈಟ್ ಜಾಗ ಬೇಕು. ಹಳೆಯ ಪಟ್ಟಿಯಲ್ಲಿ ಒಂದು ಬೈಟ್ ಎಂದರೆ ಒಂದು ಅಕ್ಷರ. ಹಾಗಾಗಿ ಏಳು ಗುರುತಿನ ಮಹಾಗಾಂವ ಇಪ್ಪತ್ತೊಂದು ಚಿಹ್ನೆಯಾಗಿ ಚೆದುರುತ್ತದೆ, ಆ ಪುಟ್ಟ 2 ಅದರಲ್ಲಿ ಏಳು ಸಲ ಬರುತ್ತದೆ.

ಇದು ಹೆಚ್ಚು ಕಾಡುವುದು ಎಕ್ಸೆಲ್‌ನಲ್ಲಿ. ಗೂಗಲ್ ಶೀಟ್‌ನಿಂದ ಸಿಎಸ್‌ವಿ ಆಗಿ ಇಳಿಸಿಕೊಂಡ ಹೆಸರಿನ ಪಟ್ಟಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಸಾಕು, ಮಕ್ಕಳ ಹೆಸರೆಲ್ಲ ಹೀಗಾಗುತ್ತವೆ. ಡಬಲ್ ಕ್ಲಿಕ್ ಬೇಡ. ಖಾಲಿ ಎಕ್ಸೆಲ್ ತೆರೆದು, ಡೇಟಾ ಎಂಬಲ್ಲಿ ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ ಫೈಲ್ ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ 65001, ಯುಟಿಎಫ್-8 ಕೊಡಿ. ನೋಟ್‌ಪ್ಯಾಡ್‌ನಲ್ಲಾದರೆ ಓಪನ್ ಕಿಟಕಿಯ ಕೆಳಗಿರುವ ಎನ್‌ಕೋಡಿಂಗ್ ಪಟ್ಟಿಯಲ್ಲಿ ಯುಟಿಎಫ್-8 ಆರಿಸಬಹುದು.

ಈ ಕಸವನ್ನೇ ಕಾಪಿ ಮಾಡಿ ಬೇರೆಯವರಿಗೆ ಕಳಿಸಿ ಸರಿ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಪೂರ್ತಿ ಸಾಧ್ಯವಾಗದಿರಬಹುದು, ಅದಕ್ಕೊಂದು ಸ್ವಾರಸ್ಯದ ಕಾರಣವಿದೆ. ಒತ್ತಕ್ಷರ ಹುಟ್ಟಿಸುವ ಹಲಂತದ ಗುರುತಿನ ಮೂರನೆಯ ಬೈಟ್‌ಗೆ ವಿಂಡೋಸಿನ ಆ ಹಳೆಯ ಪಟ್ಟಿಯಲ್ಲಿ ಕಾಣುವಂಥ ಅಕ್ಷರವೇ ಇಲ್ಲ. ಕಣ್ಣಿಗೆ ಕಾಣದ ಅದು ಕಾಪಿ, ಪೇಸ್ಟ್ ನಡುವೆ ಬಿದ್ದುಹೋಗಬಹುದು. ಮಹಾಗಾಂವ ಎಂಬ ಹೆಸರಿನಲ್ಲಿ ಒತ್ತಕ್ಷರವಿಲ್ಲ, ಹಾಗಾಗಿ ಅದು ಪಾರಾಗುತ್ತದೆ. ಕಲ್ಯಾಣ ಕರ್ನಾಟಕದ ಎರಡೂ ಪದ ಸಿಕ್ಕಿಹಾಕಿಕೊಳ್ಳುತ್ತವೆ. ಕಳಿಸುವುದಾದರೆ ಮೂಲ ಫೈಲನ್ನೇ ಕಳಿಸಿ.

ಬರೀ ಪ್ರಶ್ನಾರ್ಥಕ ಚಿಹ್ನೆ ಇದ್ದರೆ

ಇದು ಕೆಟ್ಟ ಸುದ್ದಿ. ಫೈಲನ್ನು ಹಳೆಯ ಇಂಗ್ಲಿಷ್ ಪಟ್ಟಿಯಲ್ಲಿ ಸೇವ್ ಮಾಡಿದಾಗ, ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ ಕಾರಣ ಪ್ರೋಗ್ರಾಂ ಪ್ರತಿಯೊಂದು ಗುರುತಿನ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದಿದೆ. ಮ ಇದ್ದಲ್ಲೂ ಅದೇ, ವ ಇದ್ದಲ್ಲೂ ಅದೇ. ಮೂಲದಲ್ಲಿ ಯಾವುದಿತ್ತು ಎನ್ನುವ ಸುಳಿವು ಫೈಲಿನಲ್ಲಿ ಉಳಿದೇ ಇಲ್ಲ. ಇದನ್ನು ಮರಳಿ ತರುತ್ತೇವೆ ಎಂದು ದುಡ್ಡು ಕೇಳುವವರಿಗೆ ಕೊಡಬೇಡಿ. ಹಳೆಯ ಕಾಪಿ, ಕಳಿಸಿದ್ದ ಇಮೇಲ್, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ್ದ ಫೈಲ್, ಇವಿಷ್ಟರಲ್ಲಿ ಹುಡುಕುವುದೇ ದಾರಿ.

ನೋಟ್‌ಪ್ಯಾಡ್ ವರ್ಷಾನುಗಟ್ಟಲೆ ಇದಕ್ಕೆ ಕುಖ್ಯಾತವಾಗಿತ್ತು. ಸೇವ್ ಕೊಟ್ಟಾಗ ಯೂನಿಕೋಡ್ ಅಕ್ಷರಗಳು ಕಳೆದುಹೋಗುತ್ತವೆ ಎಂದು ಇಂಗ್ಲಿಷಿನಲ್ಲಿ ಎಚ್ಚರಿಸುತ್ತಿತ್ತು, ನಾವು ಓದದೆ ಓಕೆ ಒತ್ತುತ್ತಿದ್ದೆವು. ಇದನ್ನು ಸರಿಪಡಿಸಿದ್ದು ಒಂದು ಅಪ್‌ಡೇಟ್ ಎಂಬುದು ಗಮನಿಸಬೇಕಾದ ಸಂಗತಿ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದ, ಅಂದರೆ 1903ನೇ ಆವೃತ್ತಿಯಿಂದ, ನೋಟ್‌ಪ್ಯಾಡ್ ಹೊಸ ಫೈಲನ್ನು ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಕೆಳಗಿನ ಪಟ್ಟಿಯಲ್ಲಿ ಆ ಹೆಸರನ್ನೂ ತೋರಿಸುತ್ತದೆ. ಎಕ್ಸೆಲ್‌ನಲ್ಲಿ ಈಗಲೂ ಜಾಗ್ರತೆ ಬೇಕು: ಸೇವ್ ಆ್ಯಸ್ ಪಟ್ಟಿಯಲ್ಲಿ ಬರೀ ಸಿಎಸ್‌ವಿ ಬೇರೆ, ಸಿಎಸ್‌ವಿ ಯುಟಿಎಫ್-8 ಬೇರೆ. ಕನ್ನಡ ಇದ್ದರೆ ಎರಡನೆಯದೇ ಆಗಬೇಕು.

ಚೌಕ ಮತ್ತು ಕಾಣದ ಅಕ್ಷರ

ಖಾಲಿ ಚೌಕಗಳು ಕಂಡರೆ ಹೆದರಬೇಕಿಲ್ಲ, ಬೇಕಾದ ಫಾಂಟ್ ಸಿಗುತ್ತಿಲ್ಲ ಅಷ್ಟೇ. ವಿಂಡೋಸ್ 8ರಿಂದ ಕನ್ನಡಕ್ಕೆ ನಿರ್ಮಲಾ ಯುಐ ಎಂಬ ಫಾಂಟ್ ಜೊತೆಗೇ ಬರುತ್ತದೆ. ಬರಹವನ್ನು ಆಯ್ದು ಆ ಫಾಂಟ್ ಕೊಟ್ಟು ನೋಡಿ. ತುಂಗಾ ಎಲ್ಲಿ ಹೋಯಿತು ಎಂದು ಹುಡುಕುವವರಿಗೆ ಉತ್ತರ: ವಿಂಡೋಸ್ 10ರಲ್ಲಿ ಅದನ್ನು ಐಚ್ಛಿಕ ಮಾಡಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಆಪ್ಶನಲ್ ಫೀಚರ್ಸ್ ಎಂದು ಹುಡುಕಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿದರೆ ತುಂಗಾ ವಾಪಸ್.

ಇನ್ನೊಂದು ಸಣ್ಣ ಕಿರಿಕಿರಿ ಇದೆ. ‘ಅಪ್‌ಡೇಟ್’ ಎಂದು ಬರೆದದ್ದು ಬೇರೆ ಪ್ರೋಗ್ರಾಂಗೆ ಹೋದಾಗ ‘ಅಪ್ಡೇಟ್’ ಆಗಿಬಿಡುತ್ತದೆ. ಮೊದಲನೆಯದರಲ್ಲಿ ಪ ಮತ್ತು ಡ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತಿದೆ. ಬರಹವನ್ನು ಶುಚಿ ಮಾಡುವ ಕೆಲವು ಎಡಿಟರ್‌ಗಳು ಅದನ್ನು ಕಸವೆಂದು ಗುಡಿಸಿಬಿಡುತ್ತವೆ. ಹುಡುಕುವಾಗ ಒಂದು ರೂಪ ಕೊಟ್ಟರೆ ಇನ್ನೊಂದು ಸಿಗದಿರುವುದಕ್ಕೂ ಇದೇ ಕಾರಣ, ಎರಡೂ ಕೊಟ್ಟು ನೋಡಬೇಕು.

ಹಾಗಾದರೆ ವೈರಸ್ ಅಲ್ಲವೇ?

ಮೇಲೆ ಹೇಳಿದ ಯಾವುದೂ ವೈರಸ್ ಅಲ್ಲ. ಬರೀ ಒಂದು ಅಕ್ಷರ ಫೋನನ್ನು ಕೆಡಿಸಬಲ್ಲದೇ ಎಂಬ ಪ್ರಶ್ನೆಗೆ ಮಾತ್ರ ಒಂದು ನಿಜವಾದ ಘಟನೆ ಇದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರದ ಒಂದು ವಿಶಿಷ್ಟ ರೂಪ ಮೆಸೇಜ್ ಆಗಿ ಬಂದರೆ ಐಫೋನಿನ ಆ್ಯಪ್‌ಗಳು ಮುಚ್ಚಿಹೋಗುತ್ತಿದ್ದವು. ಅದನ್ನು ತೆಲುಗು ಬಾಂಬ್ ಎಂದೆಲ್ಲ ಕರೆದರು. ಅದೂ ವೈರಸ್ ಆಗಿರಲಿಲ್ಲ. ಆ ಜೋಡಣೆಯ ಚಿತ್ರ ಬಿಡಿಸುವ ಕೆಲಸದಲ್ಲಿ ಐಓಎಸ್ ಎಡವುತ್ತಿತ್ತು. ಅದೇ ಫೆಬ್ರವರಿ 19ರಂದು ಬಂದ 11.2.6 ಅಪ್‌ಡೇಟ್ ಅದನ್ನು ಸರಿಪಡಿಸಿತು. ಅಪ್‌ಡೇಟ್ ಹಾಕದವರ ಫೋನ್ ಮಾತ್ರ ಆ ಮೆಸೇಜಿಗೆ ಮುಗ್ಗರಿಸುತ್ತಲೇ ಇತ್ತು.

ಅಪ್‌ಡೇಟ್ ಬೇಡ ಎಂಬ ಸಲಹೆ ಎಷ್ಟು ದುಬಾರಿ ಎಂಬುದಕ್ಕೆ 2017ರ ಮೇ ತಿಂಗಳ ವಾನ್ನಾಕ್ರೈ ದಾಳಿ ನೋಡಿ. ಕಂಪ್ಯೂಟರಿನ ಫೈಲುಗಳಿಗೆಲ್ಲ ಬೀಗ ಹಾಕಿ ಹಣ ಕೇಳಿದ ಆ ವೈರಸ್ ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ ಕೊಟ್ಟಿತ್ತು. ನುಡಿ ಫಾಂಟ್ ಹೋದರೆ ಹತ್ತು ನಿಮಿಷದ ಕೆಲಸ. ಬೀಗ ಬಿದ್ದ ಫೈಲ್ ಹಾಗಲ್ಲ. ನಮ್ಮ ಪ್ರಕಾರ ಈ ಎರಡರಲ್ಲಿ ಯಾವುದಕ್ಕೆ ಹೆದರಬೇಕು ಎನ್ನುವುದರಲ್ಲಿ ಅನುಮಾನವಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಕನ್ನಡ ಕೆಡುತ್ತದೆ ಎಂಬ ಹೆದರಿಕೆಯಿಂದ ಹಳೆಯದರಲ್ಲೇ ಉಳಿದವರು ಈಗ ಬದಲಾಗಲೇಬೇಕು.

ದೊಡ್ಡ ಅಪ್‌ಡೇಟ್‌ಗೆ ಮುಂಚೆ ಮಾಡಿಕೊಳ್ಳಬೇಕಾದ ತಯಾರಿ ಹೆಚ್ಚೇನಿಲ್ಲ. ಫೈಲ್‌ಗಳ ಜೊತೆಗೆ ನುಡಿ, ಬರಹದ ಇನ್‌ಸ್ಟಾಲರ್ ಮತ್ತು ಫಾಂಟ್ ಫೈಲ್‌ಗಳನ್ನೂ ಪೆನ್‌ಡ್ರೈವ್‌ಗೆ ಹಾಕಿ. ಮುಖ್ಯವಾದ ಕಾಗದಗಳನ್ನು ಪಿಡಿಎಫ್ ಮಾಡಿ ಇಡಿ, ಅಕ್ಷರ ಕೆಟ್ಟರೆ ತಾಳೆ ನೋಡಲಿಕ್ಕಾದರೂ ಬೇಕು. ಟೈಪ್ ಮಾಡಿಸಲು ಅಂಗಡಿಗೆ ಹೋದವರು ಬರುವಾಗ ಪಿಡಿಎಫ್ ಮತ್ತು ವರ್ಡ್ ಫೈಲ್ ಎರಡನ್ನೂ ಕೇಳಿ ಪಡೆಯಿರಿ. ವರ್ಡ್ ಫೈಲ್ ಯೂನಿಕೋಡ್‌ನಲ್ಲಿದೆಯೇ ಎಂದು ತಿಳಿಯಲು ಅದರಿಂದ ಒಂದು ಸಾಲು ಕಾಪಿ ಮಾಡಿ ನಿಮ್ಮ ವಾಟ್ಸ್‌ಆ್ಯಪ್‌ಗೆ ಕಳಿಸಿಕೊಳ್ಳಿ. ಅಲ್ಲಿ ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್, ಪೌಂಡ್ ಗುರುತು ಬಂದರೆ ನುಡಿ.